ಜನ ಹೆಚ್ಚಾದ ಮೇಲೆ ಕೆಲಸ ನಿಧಾನವಾದರೆ: ದೋಷ ಹುಡುಕುವ ಬಗೆ

ನಮ್ಮದು ಬೆಳಗಾವಿಯ ಒಂದು ಸಣ್ಣ ಕಂಪನಿ. ಕೋಲ್ಡ್ ಸ್ಟೋರೇಜ್‌ಗಳಲ್ಲಿ ಉಷ್ಣತೆ ಅಳೆಯುವ ಡಬ್ಬಿ ಮಾಡುತ್ತೇವೆ. ಒಳಗೆ ಏರುಪೇರಾದರೆ ಮಾಲೀಕರ ಮೊಬೈಲ್‌ಗೆ ಅಲಾರಂ ಹೋಗುತ್ತದೆ. ತಿಲಕವಾಡಿಯಲ್ಲಿ ಎರಡು ಕೋಣೆ ಹಿಡಿದು ನಾಲ್ಕು ಜನ ಶುರು ಮಾಡಿದ್ದು. ಈಗ 34 ಜನ ಇದ್ದೇವೆ. ಡಬ್ಬಿಯೊಳಗಿನ ಸರ್ಕ್ಯೂಟ್ ಬೋರ್ಡ್ ಕೆಲಸ, ಸ್ಟೋರ್, ಪ್ಯಾಕಿಂಗ್ ಎಲ್ಲ ಉದ್ಯಮಬಾಗದ ಶೆಡ್‌ನಲ್ಲಿ. ಇಬ್ಬರನ್ನು ಬಿಟ್ಟು ಉಳಿದ ಆ್ಯಪ್ ಹುಡುಗರು ಇನ್ನೂ ಹಳೇ ಕೋಣೆಗಳಲ್ಲೇ.

ನಾಲ್ಕೇ ಜನ ಇದ್ದಾಗ ಕೆಟ್ಟ ಸೆನ್ಸರ್ ಬದಲಿಸಿ ಕೊಡಲು ಎರಡು ದಿನ ಸಾಕಾಗುತ್ತಿತ್ತು. 34 ಜನ ಆದ ಮೇಲೆ ಅದೇ ಕೆಲಸಕ್ಕೆ ಒಂಬತ್ತು ದಿನ ಹಿಡಿಯಿತು. ಯಾರೂ ಸೋಮಾರಿಗಳಲ್ಲ. ಎಲ್ಲರೂ ಸಂಜೆ ಏಳರವರೆಗೆ ದುಡಿಯುತ್ತಿದ್ದರು. ಆದರೂ ಕೆಲಸ ಮುಂದೆ ಸಾಗುತ್ತಿರಲಿಲ್ಲ.

ಈ ದೋಷ ಹುಡುಕಿದ್ದು ಹೇಗೆ, ಎಲ್ಲಿ ಎಡವಿದೆವು, ಏನು ಬದಲಿಸಿದೆವು ಅಂತ ಬರೆದಿಟ್ಟಿದ್ದೇನೆ. ಹತ್ತರಿಂದ ಐವತ್ತು ಜನರ ನಡುವೆ ಇರುವ ಕಂಪನಿಗೆ ಇದು ಹೊಂದುತ್ತದೆ. ಐದು ಜನ ಇದ್ದರೆ ಓದುವ ಅಗತ್ಯವಿಲ್ಲ. ಒಂದೇ ಮೇಜಿನ ಸುತ್ತ ಕೂತು ಮಾತಾಡಿ, ಮುಗಿಯಿತು.

ಲಕ್ಷಣಗಳು

ಕೆಳಗಿನವುಗಳಲ್ಲಿ ಎರಡು ಮೂರು ಕಂಡರೂ ಮುಂದೆ ಓದಿ.

ಮಾಲೀಕನ ಮೊಬೈಲ್ ತುಂಬ "ಸರ್, ಓಕೆನಾ?" ಅನ್ನುವ ಮೆಸೇಜ್. ಒಂದು ಸೋಮವಾರ ಕೂತು ಎಣಿಸಿದೆ. ನನಗೆ ಬಂದಿದ್ದು 47. ಅದರಲ್ಲಿ ನಾನೇ ಹೇಳಬೇಕಾಗಿದ್ದು ಐದೋ ಆರೋ.

ಒಬ್ಬ ಗಿರಾಕಿಗೆ ಒಂದೇ ಪ್ರಶ್ನೆಗೆ ಮೂರು ಉತ್ತರ. ಸೇಲ್ಸ್‌ನವರು ಒಂದು, ಸರ್ವಿಸ್‌ನವರು ಒಂದು, ಅಕೌಂಟ್ಸ್‌ನವರು ಇನ್ನೊಂದು.

ಕಳೆದ ವಾರ ಮೀಟಿಂಗ್‌ನಲ್ಲಿ ಮುಗಿದ ಮಾತು ಈ ವಾರ ಮತ್ತೆ ಎದ್ದು ಕೂರುವುದು.

ಹೊಸದಾಗಿ ಸೇರಿದವರು ತಿಂಗಳಾದರೂ ಯಾರನ್ನು ಏನು ಕೇಳಬೇಕೆಂದು ತಿಳಿಯದೆ ಸುಮ್ನೆ ಕೂತಿರುವುದು. ಇದು ಕಣ್ಣಿಗೆ ಬೇಗ ಬೀಳುವುದಿಲ್ಲ. ಹೊಸಬರು ಲ್ಯಾಪ್‌ಟಾಪ್ ತೆರೆದುಕೊಂಡು ಬಹಳ ಕೆಲಸ ಇದ್ದವರಂತೆಯೇ ಕಾಣುತ್ತಾರೆ.

ಮೊದಲು ಮುಟ್ಟಬಾರದ ಭಾಗ

ಸ್ಟಾರ್ಟಪ್‌ಗೆ ಇಳಿಯುವ ಮೊದಲು ಆರು ವರ್ಷ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಪವರ್ ಪ್ಯಾಕ್ (ಆಯಿಲ್ ಒತ್ತಿ ಯಂತ್ರ ನಡೆಸುವ ಪಂಪ್ ಸೆಟ್) ರಿಪೇರಿ ಮಾಡುತ್ತಿದ್ದೆ. ಅಲ್ಲಿ ದಿನಾ ಕಾಣುತ್ತಿದ್ದ ತಪ್ಪು ಒಂದಿದೆ. ಪ್ರೆಶರ್ ಏರುತ್ತಿಲ್ಲ ಅಂದ ಕೂಡಲೇ ಪಂಪ್ ಕೆಟ್ಟಿದೆ ಅಂತ ಹೊಸ ಪಂಪ್ ಕೂರಿಸುತ್ತಾರೆ. ಪ್ರೆಶರ್ ಆಗಲೂ ಏರುವುದಿಲ್ಲ. ಬಹಳ ಸಲ, ಹೆಚ್ಚಾದ ಪ್ರೆಶರ್ ಹೊರಬಿಡುವ ರಿಲೀಫ್ ವಾಲ್ವ್‌ನಲ್ಲಿ ಕಸ ಕೂತು ಅದು ತೆರೆದುಕೊಂಡೇ ಇರುತ್ತದೆ, ಇಲ್ಲವೇ ಪಂಪ್ ಆಯಿಲ್ ಎಳೆಯುವ ಬಾಯಿಯ ಜಾಲರಿ, ಅಂದರೆ ಸಕ್ಷನ್ ಸ್ಟ್ರೈನರ್ ಕಟ್ಟಿಕೊಂಡಿರುತ್ತದೆ, ಇಲ್ಲವೇ ಟ್ಯಾಂಕ್‌ನಲ್ಲಿ ಆಯಿಲೇ ಇರುವುದಿಲ್ಲ. ಗೇಜ್ ಹಚ್ಚಿ, ಲೈನ್ ಒಂದೊಂದೇ ಮುಚ್ಚಿ, ಎಲ್ಲಿಯವರೆಗೆ ಪ್ರೆಶರ್ ನಿಲ್ಲುತ್ತದೆ ಅಂತ ನೋಡಿದ ಮೇಲೆಯೇ ಪಾನಾ ಹಿಡಿಯಬೇಕು.

ಇದನ್ನೆಲ್ಲ ಕಲಿತವನು ನನ್ನ ಕಂಪನಿಯಲ್ಲಿ ಮಾಡಿದ್ದೇನು? ಪಂಪ್ ಬದಲಿಸಿದೆ. ಅಂದರೆ ಒಬ್ಬ ಆಪರೇಷನ್ಸ್ ಮ್ಯಾನೇಜರ್ ತಂದು ಕೂರಿಸಿದೆ. ಒಳ್ಳೆ ಅನುಭವ ಇದ್ದವರು. ಐದು ತಿಂಗಳಿಗೆ ಬಿಟ್ಟು ಹೋದರು. ಹೋಗುವಾಗ, "ನಾ ಹೂಂ ಅಂದ ಮ್ಯಾಲೂ ಎಲ್ಲಾರೂ ಮತ್ತ ನಿಮ್ಮನ್ನ ಕೇಳ್ತಾರ್ರಿ. ಹಂಗಾದ್ರ ನಾ ಯಾಕ ಇರಬೇಕು?" ಅಂದರು. ತಪ್ಪು ಅವರದಲ್ಲ.

ಜನರನ್ನು ಸೇರಿಸಿದರೆ ಕೆಲಸ ಯಾಕೆ ನಿಧಾನವಾಗುತ್ತದೆ ಎನ್ನುವುದಕ್ಕೆ ಒಂದು ಸರಳ ಲೆಕ್ಕ ಇದೆ. ನಾಲ್ಕು ಜನರ ನಡುವೆ ಮಾತಿನ ಜೋಡಿಗಳು 6. ಹನ್ನೆರಡು ಜನರಾದರೆ 66. ನಮ್ಮ 34 ಜನಕ್ಕೆ 561. ಜನ ಎಂಟೂವರೆ ಪಟ್ಟು ಹೆಚ್ಚಾದರು, ಜೋಡಿಗಳು ತೊಂಬತ್ತಮೂರು ಪಟ್ಟು ದಾಟಿದವು. ತಡವಾಗಿರುವ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಅಂತ ಅಮೆರಿಕದ ಕಂಪ್ಯೂಟರ್ ತಜ್ಞ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದು ಇದೇ ಲೆಕ್ಕ ಹಿಡಿದು. ಯಾರು ಯಾರ ಜೊತೆ ಮಾತಾಡಬೇಕು, ಯಾರ ಜೊತೆ ಬೇಡ ಅಂತ ಗೆರೆ ಎಳೆಯುವುದೇ ಕಂಪನಿಯ ರಚನೆಯ ಕೆಲಸ.

ಹಾಗಂತ ತಕ್ಷಣ ಕಂಪನಿಯ ನಕ್ಷೆ ಬರೆಯಲೂ ಕೂರಬೇಡಿ. ಮೇಲೊಂದು ಚೌಕ, ಕೆಳಗೆ ನಾಲ್ಕು ಚೌಕ. ಅಂಥದ್ದನ್ನು ನಾವೂ ಬರೆದೆವು, ಲ್ಯಾಮಿನೇಟ್ ಮಾಡಿಸಿ ಗೋಡೆಗೂ ಹಾಕಿದೆವು. ಅದರ ಕೆಳಗೆ ನಿಂತೇ ಹುಡುಗರು ನನಗೆ ಫೋನ್ ಮಾಡುತ್ತಿದ್ದರು.

ಒಂದು ದೂರಿನ ಬೆನ್ನು ಹತ್ತಿ

ಗೇಜ್ ಹಚ್ಚುವ ಕೆಲಸ ಇದು. ಇತ್ತೀಚೆಗೆ ತಡವಾದ ಒಂದೇ ಒಂದು ಕೆಲಸ ಆರಿಸಿ. ದೊಡ್ಡದು ಬೇಡ, ತೀರಾ ಸಣ್ಣದೇ ಇರಲಿ. ಅದು ಹುಟ್ಟಿದ ಕ್ಷಣದಿಂದ ಮುಗಿಯುವ ತನಕ ಯಾರ ಕೈಯಲ್ಲಿತ್ತು, ಯಾವಾಗ ಬಂತು, ಯಾವಾಗ ಹೋಯಿತು, ಅವರು ಮಾಡಿದ್ದೇನು, ಕಾದದ್ದು ಯಾವುದಕ್ಕೆ ಅಂತ ಐದು ಕಾಲಂ ಹಾಕಿ ಬರೆಯಿರಿ.

ನಾನು ಆರಿಸಿದ್ದು ವಿಜಯಪುರದ ಒಂದು ದೂರು. ಮೇ ತಿಂಗಳು. ಒಣದ್ರಾಕ್ಷಿ ತುಂಬಿದ ಕೋಲ್ಡ್ ಸ್ಟೋರೇಜ್. ಮೂರನೇ ಚೇಂಬರ್‌ನ ಸೆನ್ಸರ್ ಕೆಟ್ಟು 11 ಡಿಗ್ರಿ ತೋರಿಸುತ್ತಿತ್ತು. ಒಳಗೆ ನಿಜಕ್ಕೂ ಇದ್ದದ್ದು 4. "ಏನ್ರೀ ಸಾಹೇಬ್ರ, ನಿಮ್ಮ ಡಬ್ಬಿ ರಾತ್ರಿ ಎರಡಕ್ಕ ಎಬ್ಬಸ್ತೈತಿ. ಹೋಗಿ ನೋಡಿದ್ರ ಒಳಗ ಎಲ್ಲಾ ಬರೋಬ್ಬರಿ ಐತಿ!" ಅಂತ ಮಾಲೀಕರು ನಮ್ಮ ಸರ್ವಿಸ್ ಹುಡುಗನಿಗೆ ಫೋನ್ ಮಾಡಿದ್ದು ಸೋಮವಾರ ಬೆಳಗ್ಗೆ 9:20ಕ್ಕೆ.

ಹುಡುಗ 9:26ಕ್ಕೆ ವಾಟ್ಸಾಪ್ ಗ್ರೂಪ್‌ಗೆ ಹಾಕಿದ. ಆ ಗ್ರೂಪ್‌ನಲ್ಲಿ 21 ಜನ. ಮಧ್ಯಾಹ್ನದೊಳಗೆ 17 ಜನ ನೋಡಿದ್ದರು. ಒಬ್ಬರೂ ಉತ್ತರಿಸಲಿಲ್ಲ. ಸಂಜೆ ಸ್ಟೋರ್ ಕಾಕಾ ಒಂದು ಹೆಬ್ಬೆರಳು ಒತ್ತಿದರು. ಕಾಕಾನ ಲೆಕ್ಕದಲ್ಲಿ ಅದು "ನೋಡೇನಿ". ಹುಡುಗನ ಲೆಕ್ಕದಲ್ಲಿ ಅದು "ಕಳಸ್ತೀನಿ". ಆ ಒಂದು ಹೆಬ್ಬೆರಳಿಗೆ ಎರಡು ದಿನ ಹೋಯಿತು.

ಬುಧವಾರ ಮತ್ತೆ ಫೋನ್. ಕಾಕಾ ಅಂದರು, "ಸೆನ್ಸರ್ ಐತ್ರಿ. ಆದ್ರ ಫುಕಟ್ ಕೊಡೂದೋ, ರೊಕ್ಕಾ ತಗೊಂಡ್ ಕೊಡೂದೋ? ಅದನ್ನ ಯಾರರ ಹೇಳಬೇಕಲ್ರಿ." ವಾರಂಟಿ ಮುಗಿದು 18 ದಿನ ಆಗಿತ್ತು. ಸೇಲ್ಸ್‌ನವರನ್ನು ಕೇಳಿದರೆ ಅಕೌಂಟ್ಸ್ ಅಕ್ಕಾರನ್ನು ಕೇಳಿ ಅಂದರು. ಅಕ್ಕಾರು "ಸರ್ ಹೇಳ್ಲಿ" ಅಂದರು. ಸರ್ ಅಂದರೆ ನಾನು. ನಾನು ಪುಣೆಯಲ್ಲಿದ್ದೆ. ಮೆಸೇಜ್ ಬಂದಿತ್ತು, ಉಳಿದವುಗಳ ಅಡಿಯಲ್ಲಿ ಮುಚ್ಚಿಹೋಗಿತ್ತು.

ಶನಿವಾರ ಸಂಜೆ ನೋಡಿ "ಓಕೆ, ಕಳಿಸಿ" ಅಂದೆ. ಅಷ್ಟೊತ್ತಿಗೆ ಸ್ಟೋರ್ ಬಾಗಿಲು ಹಾಕಿತ್ತು. ಭಾನುವಾರ ರಜೆ. ಸೋಮವಾರ ಬೋರ್ಡ್ ಟೀಮ್‌ನವರು "ಹೆಂಗೂ ಹೊಂಟೈತಿ, ಹೊಸ ಫರ್ಮ್‌ವೇರ್ ಇರೂ ಬೋರ್ಡ್ ಸೈತ ಕಳಸ್ರಿ" ಅಂತ ತಡೆದರು. ಮಂಗಳವಾರ ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕಿದ್ದಾಯಿತು. ಸುಮಾರು 200 ಕಿಲೋಮೀಟರ್ ದಾರಿ. ಬುಧವಾರ ಬೆಳಗ್ಗೆ ಸೆನ್ಸರ್ ಅಲ್ಲಿತ್ತು.

ಆ ಸೆನ್ಸರ್‌ನ ಬೆಲೆ 640 ರೂಪಾಯಿ. ಎಲ್ಲರೂ ಸೇರಿ ಅದಕ್ಕಾಗಿ ನಿಜವಾಗಿ ಕೈ ಆಡಿಸಿದ್ದನ್ನು ಕೂಡಿಸಿದರೆ ಒಂದು ಗಂಟೆ ಐವತ್ತು ನಿಮಿಷ. ಬಸ್ಸಿನಲ್ಲಿ ಕಳೆದ ಒಂದು ರಾತ್ರಿ ಬಿಟ್ಟರೆ ಉಳಿದದ್ದೆಲ್ಲ ಕಾಯುವುದೇ.

ಈ ಹಾಳೆ ತುಂಬುವಾಗ ಒಂದು ಎಚ್ಚರ. "ಯಾಕೆ ತಡ ಮಾಡಿದಿರಿ?" ಅಂತ ಕೇಳಬೇಡಿ. ಕೇಳಿದಿರೋ, ಎಲ್ಲರೂ ತಮ್ಮ ಹಳೇ ಮೆಸೇಜ್ ತೆಗೆದು ತೋರಿಸಲು ಶುರು ಮಾಡುತ್ತಾರೆ. "ನೀವು ಯಾವುದಕ್ಕೆ ಕಾಯ್ತಿದ್ರಿ?" ಅಂತ ಕೇಳಿ. ಕಾಕಾ ಮೊದಲ ಸಲ ಬಾಯಿಬಿಟ್ಟಿದ್ದು ಈ ಪ್ರಶ್ನೆಗೆ.

ಹಾಳೆ ತುಂಬಿದ ಮೇಲೆ ಕಾಯ್ದ ಜಾಗಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ಒಂದೇ ಜಾಗ ಎರಡು ಮೂರು ಹಾಳೆಯಲ್ಲಿ ಕಂಡರೆ ದೋಷ ಅಲ್ಲಿದೆ. ನಾವು ನಾಲ್ಕು ಕೆಲಸಗಳಿಗೆ ನಾಲ್ಕು ಹಾಳೆ ಮಾಡಿದೆವು. ಐದು ದೋಷ ಸಿಕ್ಕವು. ಎಲ್ಲವೂ ಒಂದೇ ತೂಕದವಲ್ಲ.

ದೋಷ 1: ನಿರ್ಧಾರಕ್ಕೆ ಮಾಲೀಕರೇ ಇಲ್ಲ

ಇದೇ ದೊಡ್ಡದು. 640 ರೂಪಾಯಿಯ ವಸ್ತುವನ್ನು ಪುಕ್ಕಟೆ ಕೊಡಬಹುದೋ ಇಲ್ಲವೋ ಅಂತ ಹೇಳುವ ಹಕ್ಕು ಯಾರಿಗಿದೆ ಅಂತ ಬರೆದಿರಲಿಲ್ಲ. ನಾಲ್ಕು ಜನ ಇದ್ದಾಗ ಬರೆಯುವ ಪ್ರಶ್ನೆಯೇ ಇರಲಿಲ್ಲ. ತಲೆ ಎತ್ತಿ ಕೇಳಿದರೆ ಆಯಿತು. ಬರೆಯದ ಹಕ್ಕೆಲ್ಲ ತಾನಾಗಿ ಮೇಲೆ ಬಂದು ಮಾಲೀಕನ ಮೊಬೈಲ್‌ನಲ್ಲಿ ಕೂರುತ್ತದೆ.

ಮ್ಯಾನೇಜರ್‌ಗಳನ್ನು ತೆಗೆದರೆ ಕಂಪನಿ ಹಗುರಾಗುತ್ತದೆ ಅನ್ನುವವರಿದ್ದಾರೆ. ಗೂಗಲ್ 2000ರ ದಶಕದ ಆರಂಭದಲ್ಲಿ ಅದನ್ನು ಮಾಡಿ ನೋಡಿತು. ಎಂಜಿನಿಯರಿಂಗ್ ಮ್ಯಾನೇಜರ್‌ಗಳೇ ಬೇಡ ಅಂತ ತೆಗೆಯಿತು. ಕೆಲವೇ ತಿಂಗಳಲ್ಲಿ ಕೈಬಿಡಬೇಕಾಯಿತು. ಖರ್ಚಿನ ಲೆಕ್ಕ, ಜಗಳ ಬಿಡಿಸುವುದು, ಎಲ್ಲವೂ ನೇರ ಕಂಪನಿ ಕಟ್ಟಿದ ಲ್ಯಾರಿ ಪೇಜ್ ಹತ್ತಿರ ಹೋಗತೊಡಗಿದ್ದವು. ಅವರ ದುಡ್ಡು ಬೇರೆ, ನಮ್ಮ ದುಡ್ಡು ಬೇರೆ. ರೋಗ ಮಾತ್ರ ಅದೇ.

ನಾವು ಮಾಡಿದ್ದು ಇಷ್ಟು. ಸರ್ವಿಸ್ ಹುಡುಗ 1,500 ರೂಪಾಯಿವರೆಗೆ ಯಾರನ್ನೂ ಕೇಳದೆ ಕೊಡಬಹುದು. ಕೊಟ್ಟ ಮೇಲೆ ಬರೆದರೆ ಸಾಕು. ಸರ್ವಿಸ್ ನೋಡಿಕೊಳ್ಳುವವರು 10,000ವರೆಗೆ. ಅದರ ಮೇಲಿದ್ದರೆ ನನ್ನ ಹತ್ತಿರ ಬರಲಿ. ಆದರೆ ರೂಪಾಯಿ ಒಂದೇ ಅಳತೆ ಸಾಲದು. ತಪ್ಪಾದರೆ ವಾಪಸ್ ತಿರುಗಿಸಬಹುದೇ ಅನ್ನುವುದನ್ನೂ ನೋಡಬೇಕು. ಒಂದು ಸೆನ್ಸರ್ ಪುಕ್ಕಟೆ ಹೋದರೆ ಹೋಯಿತು. ಎಲ್ಲ ಗಿರಾಕಿಗಳಿಗೂ ಬೆಲೆ ಇಳಿಸಿದರೆ ಮತ್ತೆ ಏರಿಸುವುದು ಕಷ್ಟ. ತಿರುಗಿಸಬಹುದಾದದ್ದು ಕೆಳಗೆ ಇರಲಿ, ತಿರುಗಿಸಲಾಗದ್ದು ಮೇಲೆ ಬರಲಿ.

ಇದರಲ್ಲಿ ನನಗೆ ಕಷ್ಟವಾದದ್ದು ಬಾಯಿ ಮುಚ್ಚಿಕೊಂಡಿರುವುದು. ಮೊದಲ ತಿಂಗಳು ಒಬ್ಬ ಹುಡುಗ ಬಾಗಲಕೋಟೆಯಲ್ಲಿ ಕೊಡಬಾರದವರಿಗೆ 1,400 ರೂಪಾಯಿಯ ಸಾಮಾನು ಪುಕ್ಕಟೆ ಕೊಟ್ಟ. ಅಂದು ನಾನು ಬೈದಿದ್ದರೆ ಮರುದಿನದಿಂದ 47 ಮೆಸೇಜ್ ಮತ್ತೆ ಬರುತ್ತಿದ್ದವು. ಬೈಯಲಿಲ್ಲ. ಮನೆಗೆ ಬಂದು ಹೆಂಡತಿ ಮುಂದೆ ಬೈದೆ.

ದೋಷ 2: ಒಬ್ಬನಿಗೆ ಇಬ್ಬರು ಯಜಮಾನರು

ಆ್ಯಪ್ ಮಾಡುವ ಹುಡುಗನಿಗೆ ಬೆಳಗ್ಗೆ ಸೇಲ್ಸ್‌ನವರು ಒಂದು ಕೆಲಸ ಹೇಳುತ್ತಿದ್ದರು, ಮಧ್ಯಾಹ್ನ ನನ್ನ ಪಾಲುದಾರ ಇನ್ನೊಂದು. ಅವನು ಜಾಸ್ತಿ ಗದ್ದಲ ಮಾಡಿದವರ ಕೆಲಸ ಮೊದಲು ಮಾಡುತ್ತಿದ್ದ. ಇದನ್ನು ಪತ್ತೆ ಹಚ್ಚುವುದು ಸುಲಭ. ಪ್ರತಿಯೊಬ್ಬರನ್ನೂ ಬೇರೆ ಬೇರೆ ಕರೆದು "ನಿಮಗೆ ಇಂದಿನ ಕೆಲಸ ಯಾರು ಹೇಳಿದ್ರು?" ಅಂತ ಕೇಳಿ. ಎರಡು ಹೆಸರು ಬಂದರೆ ಅಥವಾ ಉತ್ತರಕ್ಕೆ ಮೊದಲು ಒಂದು ನಗೆ ಬಂದರೆ ದೋಷ ಇದೆ. ಕೆಲಸ ಹೇಳುವವರು ಒಬ್ಬರೇ ಅಂತ ಮಾಡಿ. ಉಳಿದವರು ಅವರ ಮೂಲಕವೇ ಬರಲಿ.

ದೋಷ 3: ಬಹುಮಾನವಾಗಿ ಕೊಟ್ಟ ಪದವಿ

ನಮ್ಮಲ್ಲಿ ಬೋರ್ಡ್ ಡಿಸೈನ್ ಮಾಡುವ ಹುಡುಗ ಒಬ್ಬನಿದ್ದಾನೆ. ಅವನ ಕೈಯ ಕೆಲಸ ನೋಡಿದರೆ ಹೊಟ್ಟೆ ತುಂಬುತ್ತದೆ. ಸಂಬಳ ಏರಿಸಬೇಕಿತ್ತು. ಏರಿಸಲು ಒಂದು ನೆಪ ಬೇಕಿತ್ತು. ಟೀಮ್ ಲೀಡ್ ಮಾಡಿದೆವು. ಕೆಳಗೆ ಆರು ಜನ.

ನಾಲ್ಕು ತಿಂಗಳಾದ ಮೇಲೆ ನೋಡಿದರೆ ಅವನು ಬೆಳಗ್ಗೆ ಏಳಕ್ಕೇ ಶೆಡ್‌ಗೆ ಬಂದು ಕೂರುತ್ತಿದ್ದ. ಹತ್ತಕ್ಕೆ ಉಳಿದವರು ಬಂದರೆ ಅವನ ಕೆಲಸ ಆಗುತ್ತಿರಲಿಲ್ಲ. ಉಳಿದವರು ರಜೆ ಕೇಳಲು, ತಕರಾರು ಹೇಳಲು ಬಂದರೆ ಅವನ ಮುಖ ಒಣಗುತ್ತಿತ್ತು. ಆರು ಜನಕ್ಕೆ ಲೀಡ್ ಸಿಗಲಿಲ್ಲ, ನಮಗೆ ಒಳ್ಳೆ ಡಿಸೈನರ್ ಉಳಿಯಲಿಲ್ಲ.

ಪರಿಹಾರ ಕಾಗದದ ಮೇಲೆ ಸುಲಭ. ಎರಡು ಮೆಟ್ಟಿಲು ಮಾಡಿ. ಜನರನ್ನು ನೋಡಿಕೊಳ್ಳುವವರಿಗೆ ಒಂದು, ಕೆಲಸದಲ್ಲಿ ಮೇಲೇರುವವರಿಗೆ ಇನ್ನೊಂದು, ಸಂಬಳ ಎರಡರಲ್ಲೂ ಸಮ. ಆದರೆ ಕೊಟ್ಟ ಪದವಿ ವಾಪಸ್ ತೆಗೆದುಕೊಳ್ಳುವುದು ಹೇಗೆ? ಅವನನ್ನು ಕೂರಿಸಿಕೊಂಡು ಮಾತಾಡಿದೆ. ಮುಖದಲ್ಲಿ ಸಮಾಧಾನವೇ ಕಂಡಿತು. ಆಮೇಲೆ ಮೆಲ್ಲಗೆ, "ಸರ್, ಊರಾಗ ಏನಂತ ಹೇಳ್ಲಿ? ಬಯೋಡಾಟಾದಾಗ ಟೀಮ್ ಲೀಡ್ ಅಂತ ಬರದೈತಿ" ಅಂದ. ಮನೆಯವರು ಹೆಣ್ಣು ನೋಡುತ್ತಿದ್ದರು. ಅಥಣಿ ಕಡೆಯ ಒಂದು ಸಂಬಂಧ ಮಾತಿಗೆ ಬಂದಿತ್ತು. ಈ ತೊಡಕಿಗೆ ಯಾವ ಮ್ಯಾನೇಜ್‌ಮೆಂಟ್ ಪಾಠದಲ್ಲೂ ಉತ್ತರ ಸಿಗುವುದಿಲ್ಲ. ಕೊನೆಗೆ "ಪ್ರಿನ್ಸಿಪಲ್ ಡಿಸೈನರ್" ಅಂತ ಮಾಡಿ, ಹೊಸ ಕಾರ್ಡ್ ಛಾಪಿಸಿ, ಸಂಬಳ ಇನ್ನೊಂದಿಷ್ಟು ಏರಿಸಿದೆವು. ಸಂಬಂಧ ಕೂಡಿ ಬಂತು. ಹೆಣ್ಣಿನ ಅಪ್ಪ ಪ್ರಿನ್ಸಿಪಲ್ ಅಂದರೆ ಕಾಲೇಜಿನವರು ಅಂದುಕೊಂಡಿದ್ದರಂತೆ. ಅದು ಅವರ ಮನೆ ಮಾತು.

ದೋಷ 4: ಒಡಕು ಡಬ್ಬಿಯಲ್ಲೇ ಕಾಣುವುದು

ನಮ್ಮ ಡಬ್ಬಿ ಉಷ್ಣತೆ ಏರಿದ 5 ನಿಮಿಷಕ್ಕೆ ಕೂಗುತ್ತಿತ್ತು. ಆ್ಯಪ್ ಮಾತ್ರ 15 ನಿಮಿಷ ಬಿಟ್ಟು ಅಲಾರಂ ಕೊಡುತ್ತಿತ್ತು. ಗಿರಾಕಿಗಳು ಕೇಳುವವರೆಗೆ ನಮಗೆ ಗೊತ್ತೇ ಇರಲಿಲ್ಲ. ಬೋರ್ಡ್‌ನವರು ಉದ್ಯಮಬಾಗದಲ್ಲಿ, ಆ್ಯಪ್‌ನವರು ತಿಲಕವಾಡಿಯಲ್ಲಿ. ವಾರಕ್ಕೊಮ್ಮೆಯೂ ಮುಖ ನೋಡುತ್ತಿರಲಿಲ್ಲ.

ಒಂದು ಸಂಸ್ಥೆ ಮಾಡುವ ವ್ಯವಸ್ಥೆಯ ವಿನ್ಯಾಸ ಆ ಸಂಸ್ಥೆಯೊಳಗಿನ ಮಾತುಕತೆಯ ನಕಲೇ ಆಗಿರುತ್ತದೆ ಅಂತ ಮೆಲ್ವಿನ್ ಕಾನ್ವೇ ಅನ್ನುವ ಅಮೆರಿಕದ ಕಂಪ್ಯೂಟರ್ ತಜ್ಞರು 1968ರಲ್ಲಿ ಬರೆದರು. ಓದಿದಾಗ ದೊಡ್ಡವರ ಮಾತು ಅಂತ ಬಿಟ್ಟಿದ್ದೆ. 5 ಮತ್ತು 15 ನಿಮಿಷದ ನಡುವಿನ ಹತ್ತು ನಿಮಿಷ ಅಂದರೆ ಉದ್ಯಮಬಾಗ ಮತ್ತು ತಿಲಕವಾಡಿಯ ನಡುವಿನ ರಸ್ತೆಯೇ.

ಇದಕ್ಕೆ ಎರಡು ದಾರಿ. ಒಂದೇ ಬಗೆಯ ಕೆಲಸದವರನ್ನು ಒಟ್ಟಿಗೆ ಇಡುವುದು: ಬೋರ್ಡ್‌ನವರು ಒಂದು ಕಡೆ, ಆ್ಯಪ್‌ನವರು ಒಂದು ಕಡೆ. ಇಲ್ಲವೇ ಒಂದೊಂದು ಸರಕಿಗೆ ಒಂದೊಂದು ತಂಡ ಮಾಡಿ ಎಲ್ಲ ಬಗೆಯವರನ್ನೂ ಅದರಲ್ಲಿ ಕೂರಿಸುವುದು. ಹದಿನೈದು ಜನರ ಒಳಗಿದ್ದರೆ ಮೊದಲನೆಯದೇ ವಾಸಿ ಅಂತ ನನ್ನ ಅನಿಸಿಕೆ. ಒಬ್ಬನೇ ಆ್ಯಪ್ ಹುಡುಗನನ್ನು ಎರಡು ತಂಡಕ್ಕೆ ಹರಿದು ಹಂಚಲಾಗದು. ಸರಕು ಎರಡಾಗಿ, ಜನ ಸಾಕಷ್ಟಾದ ಮೇಲೆ ಎರಡನೆಯದಕ್ಕೆ ಹೋಗಬಹುದು. ನಾವು ಕೋಲ್ಡ್ ಸ್ಟೋರೇಜ್ ತಂಡ ಅಂತ ಒಂಬತ್ತು ಜನರನ್ನು ಬೇರೆ ಮಾಡಿದೆವು. ಬೋರ್ಡ್‌ನವರು ಇಬ್ಬರು, ಆ್ಯಪ್‌ನವರು ಇಬ್ಬರು, ಸರ್ವಿಸ್‌ನವರು ನಾಲ್ವರು, ನೋಡಿಕೊಳ್ಳಲು ಒಬ್ಬರು. ಊರಲ್ಲಿ ಇರುವಾಗ ಎಲ್ಲರೂ ಶೆಡ್‌ನ ಒಂದೇ ಮೂಲೆಯಲ್ಲಿ. ಎರಡನೇ ವಾರದಲ್ಲಿ ಅಲಾರಂ ಎರಡೂ ಕಡೆ 10 ನಿಮಿಷಕ್ಕೆ ಬಂತು. ನಾನು ಹೇಳಿದ್ದಲ್ಲ.

ನಷ್ಟವೂ ಇದೆ. ಉಳಿದ ಬೋರ್ಡ್‌ನವರಿಗೂ ಈ ಇಬ್ಬರಿಗೂ ನಡುವೆ ಮಾತು ಕಡಿಮೆಯಾಗಿದೆ. ಒಂದೇ ಬಿಡಿಭಾಗವನ್ನು ಎರಡು ಕಡೆಯಿಂದ, ಎರಡು ಬೆಲೆಗೆ ಕೊಂಡದ್ದು ಆಗಲೇ ಒಮ್ಮೆ ಆಗಿದೆ.

ದೋಷ 5: ಚಹಾದ ಹೊತ್ತಿನ ನಿರ್ಧಾರ

ಮೊದಲಿನ ನಾಲ್ಕು ಜನ ಈಗಲೂ ಸಂಜೆ ಒಟ್ಟಿಗೆ ಚಹಾ ಕುಡಿಯುತ್ತೇವೆ. ಅದರಲ್ಲಿ ಒಬ್ಬ ನನ್ನ ಮಾಮಾನ ಮಗ. ಮೀಟಿಂಗ್‌ನಲ್ಲಿ ಮುಗಿದದ್ದು ಅಲ್ಲಿ ಬದಲಾಗುತ್ತಿತ್ತು. ಉಳಿದ 30 ಜನಕ್ಕೆ ತಿಳಿಯುತ್ತಿರಲಿಲ್ಲ. ತಿಳಿದರೂ ಎರಡು ರೂಪದಲ್ಲಿ. ಶೆಡ್‌ನಲ್ಲಿ ಮಾತು ಜಾಸ್ತಿ ಮರಾಠಿಯಲ್ಲಿ ನಡೆಯುತ್ತದೆ. ಸರ್ವಿಸ್ ಹುಡುಗರು ಇಂಡಿ, ಮುಧೋಳದ ಕಡೆಯವರು, ಅವರಿಗೆ ಕನ್ನಡ. ಬಾಯಿಮಾತಿನಲ್ಲಿ ಒಂದು ಕಡೆ "ಮುಂದಿನ ವಾರದಿಂದ" ಅಂತ ಹೋದರೆ ಇನ್ನೊಂದು ಕಡೆ "ಮುಂದಿನ ತಿಂಗಳಿಂದ" ಅಂತ ತಲುಪುತ್ತಿತ್ತು.

ಚಹಾ ನಿಲ್ಲಿಸಬೇಕಿಲ್ಲ. ಅಲ್ಲಿ ಏನೇ ನಿರ್ಧಾರವಾದರೂ ಮರುದಿನ ಹತ್ತರೊಳಗೆ ಮೂರು ಸಾಲು ಬರೆದು ಹಾಕಬೇಕು, ಎರಡೂ ಭಾಷೆಯಲ್ಲಿ. ಬರೆಯದಿದ್ದರೆ ಅದು ಆಗಿಲ್ಲ ಅಂತ ಲೆಕ್ಕ. ಮೂರು ಸಾಲು ಬರೆಯುವ ಬೇಸರಕ್ಕೆ ಅರ್ಧ ನಿರ್ಧಾರಗಳು ಚಹಾದ ಕಪ್ಪಿನಲ್ಲೇ ಉಳಿಯುತ್ತವೆ, ಅದೂ ಒಳ್ಳೆಯದೇ.

ನಡುವೆ ಕಾನೂನಿನ ಎರಡು ಮಾತು

ಇದು ರಚನೆಯ ದೋಷವಲ್ಲ, ಆದರೆ ಜನ ಎಣಿಸುತ್ತಿದ್ದೀರಿ, ಹೀಗಾಗಿ ಹೇಳಿಬಿಡುತ್ತೇನೆ. ಕೆಲಸದ ಜಾಗದಲ್ಲಿ 10 ಜನರಾದರೆ ಲೈಂಗಿಕ ಕಿರುಕುಳ ತಡೆಯ 2013ರ ಕಾಯಿದೆ ಪ್ರಕಾರ ಒಳಗಿನ ದೂರು ಸಮಿತಿ ಇರಲೇಬೇಕು. ಅದರ ಮುಖ್ಯಸ್ಥರು ಮಹಿಳೆಯೇ ಆಗಿರಬೇಕು, ಹೊರಗಿನ ಒಬ್ಬ ಸದಸ್ಯರೂ ಬೇಕು. 20 ಜನರಾದರೆ ಪಿಎಫ್ ಕಟ್ಟಬೇಕು. ಹೊಸ ಜನ ತೆಗೆದುಕೊಳ್ಳುವ ಮೊದಲೇ ಈ ಎರಡು ಅಂಕಿ ನೆನಪಿನಲ್ಲಿರಲಿ.

ಸರಿಹೋಯಿತೇ ಅಂತ ನೋಡುವುದು

ಪಾನಾ ಕೆಳಗಿಟ್ಟ ಮೇಲೆ ಮತ್ತೆ ಗೇಜ್ ನೋಡಬೇಕು. ಎರಡು ಪರೀಕ್ಷೆ ಇವೆ. ಒಂದು, ಮಾಲೀಕ ಮೂರು ದಿನ ಫೋನ್ ಬಂದ್ ಮಾಡಿ ಊರು ಬಿಡಬೇಕು. ವಾಪಸ್ ಬಂದಾಗ ನಿಂತ ಕೆಲಸಗಳನ್ನು ಎಣಿಸಬೇಕು. ನಾನು ಸವದತ್ತಿ ಕಡೆ ಅತ್ತೆಯ ಮನೆಗೆ ಹೋಗಿ ಬಂದೆ. ನಿಂತದ್ದು ಎರಡು. ಎರಡೂ ನನ್ನ ಸಹಿ ಬೇಕಾದ ಬ್ಯಾಂಕಿನ ಕೆಲಸ.

ಇನ್ನೊಂದು, ಹೊಸದೊಂದು ದೂರು ಹಿಡಿದು ಮತ್ತೆ ಐದು ಕಾಲಂ ಹಾಳೆ ತುಂಬುವುದು. ಸೆಪ್ಟೆಂಬರ್‌ನಲ್ಲಿ ಮುಧೋಳದಿಂದ ಇಂಥದ್ದೇ ಒಂದು ದೂರು ಬಂತು. ಹುಡುಗ ಏಳೇ ನಿಮಿಷದಲ್ಲಿ "ಪುಕ್ಕಟೆ ಕೊಡೂದು" ಅಂತ ಬರೆದು ಕಾಕಾನ ಹೆಸರು ಹಾಕಿ ಕಳಿಸಿದ. ಕಾಕಾ ಅರ್ಧ ಗಂಟೆಯಲ್ಲಿ ಸೆನ್ಸರ್ ತೆಗೆದು ಪ್ಯಾಕಿಂಗ್‌ಗೆ ಕೊಟ್ಟರು. ಸಾಮಾನು ಮೂರನೇ ದಿನ ಬೆಳಗ್ಗೆ ಮುಟ್ಟಿತು.

ಆದರೆ ಹಾಳೆಯಲ್ಲಿ ಕೆಂಪು ಗುರುತು ಒಂದಿತ್ತು. ಪ್ಯಾಕಿಂಗ್‌ನಲ್ಲಿ 19 ಗಂಟೆ. ಪ್ಯಾಕಿಂಗ್ ಮಾಡುವವರನ್ನು ಹೋಗಿ ಕೇಳಿದೆ, "ಯಾವುದಕ್ಕ ಕಾಯ್ತಿದ್ರಿ?" ಅವರು ಸ್ವಲ್ಪ ಹೊತ್ತು ಅತ್ತಿತ್ತ ನೋಡಿದರು. ಸಣ್ಣ ಡಬ್ಬಿಗಳ ರಟ್ಟಿನ ಬಾಕ್ಸ್ ಇಡುವ ಕಪಾಟಿಗೆ ಬೀಗ ಇದೆ. ಹಿಂದೆ ಯಾವಾಗಲೋ ಬಾಕ್ಸ್ ಕಳುವಾಗಿದ್ದಕ್ಕೆ ನಾನೇ ಹಾಕಿಸಿದ್ದು. ಕೀಲಿ ನನ್ನ ಸ್ಕೂಟರ್ ಕೀಲಿಯ ಗೊಂಚಲಿನಲ್ಲಿತ್ತು.

ಅಲ್ಲೇ ನಿಂತು ಗೊಂಚಲಿಂದ ಬಿಚ್ಚಿ ಕೊಟ್ಟೆ. ಅವರು ತೆಗೆದುಕೊಂಡು, "ಸಹಿ ಎಲ್ಲಿ ಮಾಡ್ಲಿರಿ?" ಅಂದರು.